ಪ್ಲಾಂಟ್ ಇದ್ದರೆ ಸಾಕೇ?

ಪ್ರಶ್ನೆ: 2021ರಲ್ಲಿ ಆಮ್ಲಜನಕಕ್ಕೆ ದೇಶವೇ ಪರದಾಡಿತು. ಈಗ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಪ್ಲಾಂಟ್ ಬಂದಿವೆಯಲ್ಲ, ಇನ್ನು ಚಿಂತೆಯಿಲ್ಲವೇ?
– ಓದುಗರು, ಚಳ್ಳಕೆರೆ

ಉತ್ತರ: ಇದೆ. ಯಂತ್ರ ಇರುವುದು ಬೇರೆ, ಓಡುವುದು ಬೇರೆ. ಪ್ಲಾಂಟಿನಲ್ಲಿ ಒತ್ತಿದ ಗಾಳಿ ಜಿಯೋಲೈಟ್ ಎಂಬ ಖನಿಜದ ಕಾಳುಗಳ ಮೂಲಕ ಹಾಯುವಾಗ ಸಾರಜನಕ ಅಲ್ಲೇ ಅಂಟಿಕೊಂಡು, ಸುಮಾರು 93% ಆಮ್ಲಜನಕ ಹೊರಬರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಕಾಳು ತೇವ ಹೀರಿ ಕೆಡುತ್ತದೆ, ಶುದ್ಧತೆ ಇಳಿಯುತ್ತದೆ. ನಿಮ್ಮ ಕಡೆಯ ಧೂಳಿಗೆ ಫಿಲ್ಟರ್ ಕಟ್ಟಿಕೊಳ್ಳುವುದೂ ಬೇಗ. ರೋಗಿಗಳಿಲ್ಲದಿದ್ದರೂ ವಾರಕ್ಕೊಮ್ಮೆ ಓಡಿಸಿ ಶುದ್ಧತೆಯ ಮೀಟರ್ ನೋಡಬೇಕು. 90%ಗಿಂತ ಕೆಳಗಿಳಿದರೆ ಪೈಪಿಗೆ ಬಿಡುವಂತಿಲ್ಲ. ಕರೆಂಟ್ ಹೋದರೆ? ಡೀಸೆಲ್ ತುಂಬಿದ ಜನರೇಟರ್ ಬೇಕು, ಜೊತೆಗೆ ಸಿಲಿಂಡರ್. 7,000 ಲೀಟರಿನ ದೊಡ್ಡ ಸಿಲಿಂಡರ್ ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆ ಬಂದೀತು, ಅಷ್ಟೆ. ಹತ್ತು ಹಾಸಿಗೆಗೆ ದಿನಕ್ಕೆ ಇಪ್ಪತ್ತೊಂದು!