ಅಕೌಸ್ಟಿಕ್ ಗಿಟಾರಿಗೆ ಗಾಜಿನ ಸ್ಲೈಡಾ, ಹಿತ್ತಾಳೆಯದ್ದಾ?
ಉಡುಪಿಯಲ್ಲಿದ್ದೇನೆ, ಮೊದಲ ಸ್ಲೈಡ್ (ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವ ಕೊಳವೆ) ಗಾಜಿನದ್ದೋ ಹಿತ್ತಾಳೆಯದ್ದೋ ಅಂತ ಕೇಳಿದ್ದೀರಿ. ಹಿತ್ತಾಳೆಯದ್ದೇ ತಗೊಳ್ಳಿ. ಆಂಪ್ (ಧ್ವನಿವರ್ಧಕ) ಇಲ್ಲದ ಗಿಟಾರಿಗೆ ತೂಕ ಬೇಕು. ಭಾರದ ಸ್ಲೈಡಿನಲ್ಲಿ ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ. ಗಾಜಿನ ನಾದ ಮೃದು, ನನಗೂ ಇಷ್ಟ, ಆದರೆ ತೆಳು ಗಾಜು ಬೇಡ. ನಮ್ಮ ಕಡಲ ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಹುಣಸೆಹುಳಿ ಹಚ್ಚಿ ತಿಕ್ಕಿ, ತೊಳೆದು ಒರೆಸಿಡಿ, ಸಾಕು.

ಅಳತೆ ಮಾತ್ರ ಅಂಗಡಿಯಲ್ಲೇ ನೋಡಿ. ಕಿರುಬೆರಳಿಗೆ ಹಾಕಿ ಕೈ ಕೆಳಗೆ ಮಾಡಿ ಅಲ್ಲಾಡಿಸಿದರೆ ಜಾರಬಾರದು, ಗಂಟಿನ ಹತ್ತಿರ ಒತ್ತಲೂಬಾರದು. ಕಿರುಬೆರಳಲ್ಲಿದ್ದರೆ ಉಳಿದ ಮೂರು ಬೆರಳು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿಯಲು ಸಿಗುತ್ತವೆ.

ಮತ್ತೆ, 0.010 ತಂತಿ (ಸೆಟ್ಟಿನ ಅತಿ ತೆಳು ತಂತಿಯ ದಪ್ಪ, ಇಂಚಿನಲ್ಲಿ) ಹಾಕಿದ್ದೇನೆ ಅಂದಿರಿ ಅಲ್ವಾ? ಅದಕ್ಕಿಂತ ದಪ್ಪದ 0.012 ಸೆಟ್ ಹಾಕಿಸಿ. ತೆಳು ತಂತಿಯ ಬಿಗಿ ಕಮ್ಮಿ, ತಂತಿ ಸಡಿಲವಿದ್ದರೆ ಸ್ಲೈಡ್ ಗಿಟಾರಿನ ಕತ್ತಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ತಗುಲಿ ಕಟಕಟ ಅನ್ನುತ್ತದೆ, ಎಂಥಾ ಒಳ್ಳೆಯ ಸ್ಲೈಡ್ ಆದರೂ.