ಶಿರಸಿ ಚಳಿಯಲ್ಲಿ ಬಾಲ್ ಪೈಥಾನ್ ಇಲಿ ಕಕ್ಕುತ್ತಿದ್ದರೆ

400 ಗ್ರಾಂ ತೂಗುವ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಜಾತಿಯ ಹೆಬ್ಬಾವು) ನುಂಗಿದ ಇಲಿಯನ್ನು ಮೂರನೇ ದಿನ ಕಕ್ಕಿತು, ಪೆಟ್ಟಿಗೆ ಕಾಯಿಸುವ ಹೀಟ್ ಮ್ಯಾಟ್ ಇದೆ, ಅದರ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲ ಅಂತ ಬರೆದಿದ್ದೀರಿ. ಶಿರಸಿಯ ಚಳಿಗೆ ಬಿಸಿ ಸಾಲದೆ, ಇಲಿ ಅರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆತಿರುವ ಸಾಧ್ಯತೆಯೇ ಹೆಚ್ಚು.

ಇವತ್ತೇ ಥರ್ಮೋಸ್ಟಾಟ್ ತರಿಸಿ. ಮ್ಯಾಟ್ ಗಾಜಿನ ಪೆಟ್ಟಿಗೆಯ ಹೊರಗೆ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಇರಲಿ. ಥರ್ಮೋಸ್ಟಾಟಿನ ಪ್ರೋಬನ್ನು (ಬಿಸಿ ಅಳೆಯುವ ವೈರಿನ ತುದಿ) ಮ್ಯಾಟ್ ಮತ್ತು ಗಾಜಿನ ನಡುವೆ ಟೇಪ್ ಹಾಕಿ ಅಂಟಿಸಿ. ಒಳಗೆ ಸಡಿಲವಾಗಿ ಬಿಟ್ಟರೆ ಹಾವು ಅದನ್ನು ತಣ್ಣನೆ ಮೂಲೆಗೆ ತಳ್ಳುತ್ತದೆ. ಥರ್ಮೋಸ್ಟಾಟ್ ಮ್ಯಾಟನ್ನು ಕಾಯಿಸುತ್ತಲೇ ಹೋಗಿ ಹಾವಿನ ಹೊಟ್ಟೆ ಸುಡುತ್ತದೆ. ಬಿಸಿ ಬದಿಯ ನೆಲ 32 ಡಿಗ್ರಿ, ತಂಪು ಬದಿ 26. ಮ್ಯಾಟ್ ಗಾಳಿಯನ್ನು ಅಷ್ಟಾಗಿ ಕಾಯಿಸುವುದಿಲ್ಲ, ರಾತ್ರಿ ಒಳಗೆ 24ಕ್ಕಿಂತ ಇಳಿದರೆ ಸೆರಾಮಿಕ್ ಹೀಟರ್ ಬೇಕೇ ಬೇಕು, ಅದಕ್ಕೂ ಬೇರೆ ಥರ್ಮೋಸ್ಟಾಟ್. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಗೆ ತಾಗಿಸಿಡಿ.

ಎರಡು ವಾರ ನೀರು ಮಾತ್ರ, ಪಾಪ ಅನ್ನಿಸಿದರೂ ಆಹಾರ ಬೇಡ. ಆಮೇಲೆ 20 ಗ್ರಾಂನ ಸಣ್ಣ ಇಲಿ. ಫ್ರೀಜರಿನ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿನೀರಿನಲ್ಲಿಡಿ. ಇಲಿಯ ಹೊಟ್ಟೆ ಒತ್ತಿ ನೋಡಿ. ಗಟ್ಟಿ ಗಂಟು ಕೈಗೆ ಸಿಕ್ಕರೆ ಒಳಗಿನ್ನೂ ಮಂಜುಗಡ್ಡೆಯಿದೆ. ತಿಂದ ಮೇಲೆ 48 ಗಂಟೆ ಹಾವನ್ನು ಎತ್ತಬೇಡಿ. ಮತ್ತೆ ಕಕ್ಕಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.