ಗಂಗಮ್ಮನ ಮುಂದೆ ಅತ್ತ ಮೇಲೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಕೋಲಾರದ ಮೆಥೋಡಿಸ್ಟ್ ಕ್ರೈಸ್ತ ಮನೆತನದ ಹೆಣ್ಣುಮಗಳು, ಶಾಲಾ ಶಿಕ್ಷಕಿ. ಮದುವೆಯಾಗಿ ಹೋದದ್ದು ಮುಳಬಾಗಿಲು ಕಡೆಯ ಹಿಂದೂ ಮನೆಗೆ. ಮಗನಿಗೆ ಫಿಟ್ಸ್ ಶುರುವಾದಾಗ ಅತ್ತೆ ಇಬ್ಬರನ್ನೂ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಹೆಂಗಸಿನ ಮೈಮೇಲೆ ಗಂಗಮ್ಮ ಬರುತ್ತಾಳೆ. ಮಂಗಳವಾರ ಜನ ದೇವರು ಕೇಳೋಕೆ ಸಾಲು ನಿಲ್ಲುತ್ತಾರೆ. ಆ ಹೆಂಗಸು ಬೇವಿನ ಸೊಪ್ಪು ಹಿಡಿದು ತೂಗಾಡುತ್ತಾ ತೆಲುಗಿನಲ್ಲಿ ಹೇಳಿದಳಂತೆ: ನಿಮ್ಮಲ್ಲಿ ಹುಟ್ಟದೇ ಹೋದ ಕೂಸು ಒಂದಿದೆ, ಅದಕ್ಕೆ ಯಾರೂ ಅತ್ತಿಲ್ಲ.

ಇವರು ಅಲ್ಲೇ ಕುಸಿದು ಕೂತು ಅತ್ತರು. ಮಗನಿಗಿಂತ ಮುಂಚೆ ಒಂದು ಗರ್ಭ ಹೋಗಿತ್ತು. ಮನೆಯಲ್ಲಾಗಲಿ ಚರ್ಚಿನಲ್ಲಾಗಲಿ ಯಾರೂ ಅದರ ಮಾತೆತ್ತಿರಲಿಲ್ಲ.

ನನ್ನ ಹತ್ತಿರ ಸಲಹೆಗೆ ಬಂದಾಗ ನಿದ್ದೆ ಬಿಟ್ಟಿದ್ದರು. ಚರ್ಚಿನಲ್ಲಿ ಏಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭು ಭೋಜನಕ್ಕೆ ಕೈ ಚಾಚೋಕೆ ಆಗ್ತಿರಲಿಲ್ಲ. ಮಗನ ಕೈಗೆ ಕಟ್ಟಿದ ಅರಿಶಿನ ದಾರ ಬಿಚ್ಚೋಕೂ ಭಯ, ಬಿಡೋಕೂ ಭಯ. "ಏಸಪ್ಪನಿಗೆ ದ್ರೋಹ ಮಾಡ್ದೆ ಅಲ್ವಾ?"

ಮೊದಲು ಮಗನ ವಿಷಯ ಮಾತಾಡಿದೆವು. ಡಾಕ್ಟರ್ ಕೊಟ್ಟ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟರೆ ಅದು ನಿಲ್ಲಲ್ಲ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ದಾರ ಇರಲಿ ಬಿಡಲಿ, ಇದು ಬದಲಾಗಲ್ಲ.

ಆ ಹೆಂಗಸಿಗೆ ಹೇಗೆ ಗೊತ್ತಾಯಿತು ಅಂತ ಮತ್ತೆ ಮತ್ತೆ ಕೇಳಿದರು. ಅತ್ತೆ ಮೊದಲೇ ಹೇಳಿರಬಹುದು. ಗೊತ್ತಾದ ಗರ್ಭಗಳಲ್ಲೇ ನೂರಕ್ಕೆ 10ರಿಂದ 20 ಉಳಿಯುವುದಿಲ್ಲ, ಹಾಗಾಗಿ ಇಂಥ ಮಾತು ಎಷ್ಟೋ ಮನೆಗೆ ತಾಗುತ್ತದೆ. ಅದನ್ನು ತೀರ್ಮಾನ ಮಾಡುವುದು ನನ್ನ ಕೆಲಸವಲ್ಲ. ಆದರೆ ಆ ದುಃಖ ನಿಮ್ಮದೇ, ಅಲ್ಲಿ ಅತ್ತಿರಿ ಅಂತ ಅದು ಮೈಲಿಗೆಯಾಗಲ್ಲ ಎಂದೆ. ಆ ಕೂಸನ್ನು ನೆನೆದು ಒಂದು ಪ್ರಾರ್ಥನೆ ಮಾಡಿ ಅಂತ ನಿಮ್ಮ ಪಾಸ್ಟರನ್ನೇ ಕೇಳಿ, ಗಂಡನೂ ಪಕ್ಕದಲ್ಲಿರಲಿ. ಈ ಮಾತಿಗೆ ಅವರು ತುಂಬಾ ಹೊತ್ತು ಅತ್ತರು. ನನಗೂ ಗಂಟಲು ಕಟ್ಟಿತು.

ದ್ರೋಹದ ಪ್ರಶ್ನೆಯನ್ನು ಸುಮ್ನೆ ತೇಲಿಸಿಬಿಡುವುದು ಸರಿಯಲ್ಲ. ಅವರು ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಓದಿಕೊಂಡೇ ಬಂದಿದ್ದರು. ಕಣಿ ಕೇಳಬಾರದು ಅಂತ ಅಲ್ಲಿ ಖಡಾಖಂಡಿತವಾಗಿದೆ. ಬೈಬಲಿನಲ್ಲೇ 2 ಅರಸುಗಳು ಪುಸ್ತಕದ 5ನೇ ಅಧ್ಯಾಯ ಕೂಡ ತೆಗೆಯಿರಿ ಎಂದೆ. ಕುಷ್ಠ ವಾಸಿಯಾದ ಅರಾಮ್ ದೇಶದ ಸೇನಾಪತಿ ನಾಮಾನ ಇನ್ನು ಇಸ್ರಾಯೇಲಿನ ದೇವರಿಗೇ ನಡೆದುಕೊಳ್ಳುತ್ತೇನೆ ಅನ್ನುತ್ತಾನೆ. ಆದರೆ ದೊರೆ ತನ್ನ ಕೈ ಹಿಡಿದು ತಮ್ಮ ದೇಶದ ದೇವರಾದ ರಿಮ್ಮೋನನ ಗುಡಿಗೆ ಹೋದಾಗ ತಾನೂ ಬಾಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಅಂತ ಬೇಡುತ್ತಾನೆ. ಪ್ರವಾದಿ ಎಲೀಷ ಗದರುವುದಿಲ್ಲ, ಸಮಾಧಾನದಿಂದ ಹೋಗು ಅನ್ನುತ್ತಾನೆ. ಅವರು ಓದಿ, ಮತ್ತೊಮ್ಮೆ ಓದಿದರು. ಮನೆಯವರ ಜೊತೆ ನಿಲ್ಲೋದು ಬೇರೆ, ದೇವರು ಕೇಳೋಕೆ ಹೋಗೋದು ಬೇರೆ ಅಂತ ಗೆರೆ ಎಳೆದದ್ದು ಅವರೇ.

ಅತ್ತೆಗೆ ಹೇಳಬೇಕಾದ್ದನ್ನು ಒಟ್ಟಿಗೆ ಕೂತು ಜೋಡಿಸಿದೆವು: "ಜಾತ್ರೆಗೆ ಬರ್ತೀನಿ, ಅಡುಗೆಗೆ ನಿಲ್ತೀನಿ. ಮಂಗಳವಾರ ಮಾತ್ರ ನಾನೂ ಬರಲ್ಲ, ಮಗನನ್ನೂ ಕಳಿಸಲ್ಲ." ದಾರ ಬಿಚ್ಚುವುದಾದರೆ ಅತ್ತೆಗೆ ಹೇಳಿಯೇ ಬಿಚ್ಚಿ, ಮೊಮ್ಮಗನಿಗೆ ಏನಾಗುತ್ತೋ ಅನ್ನೋ ಭಯ ಅವರಿಗೂ ಇದೆ ಎಂದೆ. ದಾರದ ಬಗ್ಗೆ ಅವರಿನ್ನೂ ಮನಸ್ಸು ಮಾಡಿಲ್ಲ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.